ನಾರದ ಬಂದರೆ ಬಿಟ್‌ರೇಟ್ ಏರುತ್ತದೆ

ಕನ್ನಡದ ಹಳೆಯ ನಟರಲ್ಲಿ ಎನ್‌ಕೋಡರ್‌ಗೆ ಅಚ್ಚುಮೆಚ್ಚಿನವರು ಯಾರು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಕೆ.ಎಸ್. ಅಶ್ವತ್ಥ್ ಎನ್ನುತ್ತೇನೆ. ಆರಾಮಕುರ್ಚಿಯಲ್ಲಿ ಕೂತು, ಹೆಗಲ ಮೇಲಿನ ಶಾಲನ್ನೂ ಅಲುಗಿಸದೆ, ಇಡೀ ಸಂಸಾರದ ಭಾರವನ್ನು ಎರಡು ಕಣ್ಣಿಗೆ ತಂದು ನಿಲ್ಲಿಸಬಲ್ಲವರು ಅವರು. ಹಿಂದಿನ ಗೋಡೆ ಅಲ್ಲೇ ಇದೆ, ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲೇ ಇದೆ, ಕುರ್ಚಿಯೂ ಅಲ್ಲೇ ಇದೆ. ಸಿನಿಮಾವನ್ನು ಕುಗ್ಗಿಸಿ ಫೈಲ್ ಮಾಡುವ ಎನ್‌ಕೋಡರ್ ಎಂಬ ತಂತ್ರಾಂಶ ಮೊದಲ ಫ್ರೇಮನ್ನು ಪೂರ್ತಿ ಬರೆದುಕೊಳ್ಳುತ್ತದೆ. ಮುಂದಿನ ಫ್ರೇಮುಗಳಿಗೆಲ್ಲ ‘ಮೇಲಿನಂತೆಯೇ, ತುಟಿ ಕೊಂಚ ಅಲುಗಿತು’ ಎಂದು ಷರಾ ಹಾಕಿ ಮುಂದೆ ಹೋಗುತ್ತದೆ. ಅಶ್ವತ್ಥ್ ಹತ್ತು ನಿಮಿಷ ಬುದ್ಧಿಮಾತು ಹೇಳಿದರೂ ಹಾರ್ಡ್‌ಡಿಸ್ಕಿಗೆ ಅಂಥ ಖರ್ಚಿಲ್ಲ.

ಅದೇ ಹಾಸ್ಯನಟ ನರಸಿಂಹರಾಜು ಒಳಗೆ ಬಂದರೆ ಲೆಕ್ಕವೆಲ್ಲ ತಲೆಕೆಳಗು. ಕೈ ಒಂದು ಕಡೆ, ಕಾಲು ಒಂದು ಕಡೆ, ಕಣ್ಣುಗುಡ್ಡೆ ಮೂರನೆಯ ಕಡೆ. ಎನ್‌ಕೋಡರ್ ಯಾವುದನ್ನು ಹಿಂಬಾಲಿಸಬೇಕು? ಆದರೂ ನರಸಿಂಹರಾಜು ಮನುಷ್ಯಲೋಕದವರು. ಎನ್‌ಕೋಡರ್‌ಗೆ ನಿಜವಾದ ಪರೀಕ್ಷೆ ಇರುವುದು ದೇವಲೋಕದಲ್ಲಿ. ನಮ್ಮ ಪೌರಾಣಿಕ ಚಿತ್ರಗಳಲ್ಲಿ ಕೈಲಾಸವೆಂದರೆ ಮೊಣಕಾಲುದ್ದದ ಹೊಗೆಮಂಜು. ಅದಕ್ಕೆ ಅಂಚಿಲ್ಲ, ಆಕಾರವಿಲ್ಲ, ಹೋದ ಫ್ರೇಮಿನಲ್ಲಿ ಇದ್ದಂತೆ ಈ ಫ್ರೇಮಿನಲ್ಲಿ ಇರುವುದಿಲ್ಲ. ಅದರೊಳಗಿಂದ ನಾರದರು ತಂಬೂರಿ ಮೀಟುತ್ತ ನಡೆದು ಬಂದರೆ ನನ್ನ ಪರದೆಯ ಮೇಲೆ ಸೆಕೆಂಡಿಗೆ ಎಷ್ಟು ಮಾಹಿತಿ ಖರ್ಚಾಗುತ್ತಿದೆ ಎಂದು ತೋರಿಸುವ ಬಿಟ್‌ರೇಟ್‌ನ ಗೆರೆ ನೆಟ್ಟಗೆ ಮೇಲಕ್ಕೇಳುತ್ತದೆ. ಮೂರು ಲೋಕಕ್ಕೂ ಜಗಳ ಹಚ್ಚಿದವರು ನನ್ನ ಕಂಪ್ಯೂಟರನ್ನು ಬಿಟ್ಟಾರೆಯೇ! ಇನ್ನು ಕೊನೆಯಲ್ಲಿ ದೇವತೆಗಳು ಪುಷ್ಪವೃಷ್ಟಿ ಶುರುಮಾಡಿದರಂತೂ ಮುಗಿಯಿತು. ಒಂದೊಂದು ಎಸಳೂ ತನ್ನದೇ ದಾರಿಯಲ್ಲಿ ಬೀಳುತ್ತದೆ, ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ ಬರೆಯಬೇಕು. ಭಕ್ತನಿಗೆ ಮೋಕ್ಷ ಸಿಗುವ ಹೊತ್ತಿನಲ್ಲಿ ನನ್ನ ಪ್ರೊಸೆಸರ್ ನರಕದಲ್ಲಿರುತ್ತದೆ.

ಈ ಉಸಾಬರಿ ನನಗೆ ಅಂಟಿದ್ದು ನಮ್ಮ ಬಡಾವಣೆಯ ವಿಡಿಯೊ ಲೈಬ್ರರಿ ಬಾಗಿಲು ಹಾಕಿದಾಗ. ಅದರ ಮಾಲೀಕರಿಗೆ ಕನ್ನಡದ ಹಳೆಯ ಡಿಸ್ಕುಗಳನ್ನು ತೂಕಕ್ಕೆ ಹಾಕಲು ಮನಸ್ಸು ಬರಲಿಲ್ಲ. ‘ನೋಡುವವರ ಮನೆಗೆ ಹೋಗಲಿ’ ಎಂದು ಬಂದಷ್ಟು ಬೆಲೆಗೆ ಕೊಟ್ಟರು. ನಾನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದೆ. ಆಮೇಲೆ ನಮ್ಮ ಮನೆಯ ಪ್ಲೇಯರ್ ಕೆಟ್ಟಿತು. ರಿಪೇರಿಗೆ ಒಯ್ದರೆ ಅಂಗಡಿಯ ಹುಡುಗ ಅದನ್ನು ಮ್ಯೂಸಿಯಮ್ಮಿನ ವಸ್ತು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಹೊಸ ಲ್ಯಾಪ್‌ಟಾಪುಗಳಿಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಪೆಟ್ಟಿಗೆ ತುಂಬ ರಾಜಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್. ಮೂವರು ಕುಮಾರರಿಗೂ ಹೊರಗೆ ಬರಲು ದಾರಿಯಿಲ್ಲ. ಹೀಗಾಗಿ ಅವರನ್ನು ಫೈಲುಗಳಾಗಿ ಮಾಡಿ ಟಿವಿಗೆ ತಲುಪಿಸುವ ಕೆಲಸ ನನ್ನ ಹೆಗಲಿಗೆ ಬಂತು.

ಸಿನಿಮಾ ಎಷ್ಟು ದೊಡ್ಡದು ಎನ್ನುವುದು ಅದನ್ನು ಕುಗ್ಗಿಸಲು ಕೂತವನಿಗೆ ಗೊತ್ತಾಗುತ್ತದೆ. ನಮ್ಮ ದೇಶದ ಡಿವಿಡಿಯ ಒಂದು ಫ್ರೇಮಿಗೆ ಅಡ್ಡಡ್ಡ 720, ಉದ್ದುದ್ದ 576 ಚುಕ್ಕಿ. ಸೆಕೆಂಡಿಗೆ ಅಂಥ 25 ಫ್ರೇಮು. ಏನನ್ನೂ ಬಿಡದೆ ಬರೆದಿಟ್ಟರೆ ಎರಡೂವರೆ ಗಂಟೆಯ ಸಿನಿಮಾಕ್ಕೆ ಸುಮಾರು 140 ಜಿಬಿ ಬೇಕು. ಡಿವಿಡಿಯ ಒಂದು ಪದರದಲ್ಲಿ ಹಿಡಿಸುವುದು 4.7 ಜಿಬಿ, ಎರಡು ಪದರವಿದ್ದರೆ 8.5. ಅದಕ್ಕೂ ಹಿಂದಿನ ವಿಸಿಡಿಯ ಕಥೆ ಇನ್ನೂ ಕರುಣಾಜನಕ: 352 ಚುಕ್ಕಿಗೆ 288 ಚುಕ್ಕಿ, ಒಂದು ಡಿಸ್ಕಿಗೆ 74 ನಿಮಿಷ. ಈಗಿನ ಫುಲ್ ಎಚ್‌ಡಿಯಲ್ಲಿ ಅದೇ ಸಿನಿಮಾವನ್ನು ಕುಗ್ಗಿಸದೆ ಇಟ್ಟರೆ 700 ಜಿಬಿಯ ಆಸುಪಾಸು. ಅಂದರೆ ನಾವು ಡಿಸ್ಕಿನಲ್ಲಿ ಇದುವರೆಗೆ ನೋಡಿದ್ದು ಪೂರ್ತಿ ಸಿನಿಮಾ ಅಲ್ಲವೇ ಅಲ್ಲ. ಮೂವತ್ತು ಪಾಲಿನಲ್ಲಿ ಇಪ್ಪತ್ತೊಂಬತ್ತನ್ನು ಯಾರೋ ಬಿಟ್ಟು, ಉಳಿದ ಒಂದು ಪಾಲನ್ನು ನಮಗೆ ಕೊಟ್ಟಿದ್ದಾರೆ. ನಾವು ಅದನ್ನು ನೋಡಿ ಅತ್ತಿದ್ದೇವೆ, ನಕ್ಕಿದ್ದೇವೆ, ಏನೂ ಕಡಿಮೆಯಾಗಿದೆ ಅನ್ನಿಸಿಯೇ ಇಲ್ಲ.

ಕಡಿಮೆಯಾಗಿದೆ ಅನ್ನಿಸದ ಹಾಗೆ ಬಿಡುವುದು ಹೇಗೆ ಎಂದು ತೋರಿಸಿಕೊಟ್ಟವರಲ್ಲಿ ಮೊದಲ ಸಾಲಿನಲ್ಲಿರುವವರು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್. 1940ರಲ್ಲಿ ಹುಟ್ಟಿ, ಕೆ.ಆರ್. ಸರ್ಕಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ (ಯುವಿಸಿಇ) 1961ರಲ್ಲಿ ಪದವಿ ಮುಗಿಸಿ ಅಮೆರಿಕಕ್ಕೆ ಹೋದವರು. ಚಿತ್ರವನ್ನು ಪುಟ್ಟ ಪುಟ್ಟ ಚೌಕಗಳಾಗಿ ಮಾಡಿ, ಪ್ರತಿ ಚೌಕವನ್ನೂ ಕೊಸೈನ್ ಅಲೆಗಳ ಮೊತ್ತವಾಗಿ ಬರೆದರೆ, ಕಣ್ಣಿಗೆ ಮುಖ್ಯವಾದದ್ದೆಲ್ಲ ಮೊದಲ ಕೆಲವು ಅಲೆಗಳಲ್ಲೇ ಬಂದು ಕೂರುತ್ತದೆ, ಉಳಿದ ಸಣ್ಣ ಅಲೆಗಳನ್ನು ಒರಟಾಗಿ ಬರೆದರೂ ನಡೆಯುತ್ತದೆ ಎನ್ನುವುದು ಅವರ ವಿಚಾರ. ಇದನ್ನು ಬೆಳೆಸಲು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು, ಹಣ ಸಿಗಲಿಲ್ಲ. ಬಿಡದೆ ಕೂತು ಮಾಡಿದರು. ಟಿ. ನಟರಾಜನ್, ಕೆ.ಆರ್. ರಾವ್ ಅವರ ಜೊತೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. ಮೊಬೈಲಿನ ಫೋಟೊದಿಂದ ಹಿಡಿದು ವಿಸಿಡಿ, ಡಿವಿಡಿಯವರೆಗೆ ಎಲ್ಲದರ ಹೊಟ್ಟೆಯಲ್ಲೂ ಇರುವುದು ಇದೇ ಲೆಕ್ಕ.

ಅದೇ 1974ರಲ್ಲಿ ಇಲ್ಲಿ ಸಿದ್ಧಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ತೆರೆಗೆ ಬಂತು. ಅದರ ಕೊನೆಯ ಪ್ರವಾಹ ನೋಡಿದವರಾರೂ ಮರೆತಿಲ್ಲ. ನೀರಿನಷ್ಟು ಎನ್‌ಕೋಡರ್‌ಗೆ ಕಾಟ ಕೊಡುವ ವಸ್ತು ಇನ್ನೊಂದಿಲ್ಲ. ಊರನ್ನು ಮುಳುಗಿಸುವ ಪ್ರವಾಹ ಕನ್ನಡದವರ ಕೈಯಲ್ಲಿ ತಯಾರಾದ ವರ್ಷವೇ, ಆ ಪ್ರವಾಹವನ್ನು ಅಂಗೈಯಗಲದ ಡಿಸ್ಕಿನಲ್ಲಿ ಹಿಡಿಸುವ ಉಪಾಯವೂ ಬೆಂಗಳೂರಿನವರೊಬ್ಬರ ಕೈಯಿಂದ ಬಂತು. ಯುವಿಸಿಇ ಕಟ್ಟಡದ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನಾನು ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುತ್ತೇನೆ. ಪಕ್ಕದವರು ಹತ್ತಿರದಲ್ಲಿ ಯಾವುದೋ ಗುಡಿಯಿದೆ ಎಂದುಕೊಂಡು ತಾವೂ ಕೈ ಮುಗಿದದ್ದುಂಟು.

ಈಗಿನ ಎನ್‌ಕೋಡರುಗಳಿಗೆ ಬುದ್ಧಿ ಇನ್ನೂ ಹೆಚ್ಚು. 2003ರಲ್ಲಿ ಎಚ್.264 ಎಂಬ ಕುಗ್ಗಿಸುವ ಪದ್ಧತಿ ಬಂತು, 2013ರಲ್ಲಿ ಎಚ್.265, 2018ರಲ್ಲಿ ಎವಿ1. ಎಚ್.264ಕ್ಕೆ ಎಕ್ಸ್264, ಎಚ್.265ಕ್ಕೆ ಎಕ್ಸ್265 ಎಂಬ ಪುಕ್ಕಟೆ ತಂತ್ರಾಂಶಗಳಿವೆ. ಅವುಗಳನ್ನು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದ ಮೂಲಕ ಓಡಿಸಬಹುದು. ಮುಖ್ಯವಾಗಿ ತಿರುಗಿಸಬೇಕಾದ ಕಿವಿ ಎರಡೇ. ಒಂದು ಸಿಆರ್‌ಎಫ್, ಗುಣಮಟ್ಟದ ಅಂಕಿ. ಎಕ್ಸ್264ರಲ್ಲಿ ಸೊನ್ನೆ ಅಂದರೆ ಏನನ್ನೂ ಬಿಡುವುದಿಲ್ಲ. ಅಂಕಿ ಏರಿದಂತೆ ಬಿಡುವುದೂ ಏರುತ್ತದೆ. ಆರು ಅಂಕಿ ಏರಿಸಿದರೆ ಫೈಲಿನ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎಕ್ಸ್264 ತಾನಾಗಿ ಇಟ್ಟುಕೊಳ್ಳುವುದು 23. ಇನ್ನೊಂದು ಕಿವಿ ವೇಗದ್ದು. ಅಲ್ಟ್ರಾಫಾಸ್ಟ್‌ನಿಂದ ಶುರುವಾಗಿ ಸ್ಲೋ, ಸ್ಲೋವರ್, ವೆರಿಸ್ಲೋ ದಾಟಿ ಕೊನೆಯಲ್ಲಿ ಪ್ಲಸೀಬೊ, ಅಂದರೆ ಮದ್ದಿಲ್ಲದ ಹುಸಿಮಾತ್ರೆ. ನಿಧಾನಕ್ಕೆ ಬಿಟ್ಟಷ್ಟೂ ಎನ್‌ಕೋಡರ್ ಫ್ರೇಮಿನಿಂದ ಫ್ರೇಮಿಗೆ ಏನು ಎಲ್ಲಿಗೆ ಸರಿಯಿತು ಎಂದು ಹೆಚ್ಚು ಹುಡುಕುತ್ತದೆ, ಅಷ್ಟೇ ಅಂದವನ್ನು ಕಡಿಮೆ ಜಾಗದಲ್ಲಿ ಕೂರಿಸುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಗಂಟೆಗಟ್ಟಲೆ ಹೆಚ್ಚು ದುಡಿದರೂ ಕಣ್ಣಿಗೆ ಕಾಣುವ ಲಾಭವಿಲ್ಲ ಎಂದು ಮಾಡಿದವರೇ ನಗಾಡಿಕೊಂಡು ಆ ಹೆಸರಿಟ್ಟಿದ್ದಾರೆ. ಆದರೂ ರಾತ್ರಿ ಮಲಗುವ ಮುಂಚೆ ನನ್ನ ಬೆರಳು ಒಮ್ಮೆ ಆ ಕಡೆ ಹೋಗಿಯೇ ಬರುತ್ತದೆ.

ನನ್ನದು ಹಳೆಯ ಕಂಪ್ಯೂಟರ್. ವೆರಿಸ್ಲೋ ಹಾಕಿದರೆ ಬೆಳಗಿನವರೆಗೂ ಗುರುಗುಟ್ಟುತ್ತದೆ.

“ರಾತ್ರಿಯೆಲ್ಲ ಓಡ್ತಲ್ಲ, ಎಷ್ಟು ಸಿನಿಮಾ ಆಯ್ತು?” ಎಂದು ನನ್ನವಳು ಕಾಫಿ ಕೊಡುತ್ತ ಕೇಳುತ್ತಾಳೆ.

“ಒಂದು.”

“ಒಂದೇನಾ? ಅದಾದ್ರೂ ಮುಗೀತಾ?”

“ಕ್ಲೈಮ್ಯಾಕ್ಸಿಗೆ ಬಂದಿದೆ. ಪುಷ್ಪವೃಷ್ಟಿ ನಡೀತಿದೆ.”

ಮೊದಮೊದಲು ಕರೆಂಟ್ ಬಿಲ್ ತಂದು ನನ್ನ ಕೀಲಿಮಣೆಯ ಮೇಲೆ ಇಡುತ್ತಿದ್ದಳು. ಒಂದು ಮಾರ್ಗಶಿರದ ಚಳಿಯಲ್ಲಿ ಅವಳ ನಿಲುವು ಬದಲಾಯಿತು. ಹೆಪ್ಪು ಹಾಕಿದ ಹಾಲು ಬೆಳಗಾದರೂ ಹಾಲಾಗಿಯೇ ಇರುತ್ತಿದ್ದ ದಿನಗಳವು. ಕಂಪ್ಯೂಟರಿನ ಹಿಂಬದಿಯಲ್ಲಿ ಬಿಸಿಗಾಳಿ ಬರುವುದನ್ನು ಕಸ ಗುಡಿಸುವಾಗ ಕಂಡುಕೊಂಡವಳು ಪಾತ್ರೆಯನ್ನು ಅಲ್ಲಿಟ್ಟು ನೋಡಿದಳು. ಬೆಳಿಗ್ಗೆ ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗಿತ್ತು. ಅಂದಿನಿಂದ ನನ್ನ ಹವ್ಯಾಸಕ್ಕೆ ಮನೆಯಲ್ಲಿ ಮನ್ನಣೆ ಸಿಕ್ಕಿತು. ಈಗ ಸಂಜೆಯಾದರೆ ಅವಳೇ ಬಂದು, “ಇವತ್ತು ರಾತ್ರಿ ಪೌರಾಣಿಕಾನೋ ಸಾಮಾಜಿಕಾನೋ?” ಎಂದು ವಿಚಾರಿಸುತ್ತಾಳೆ. ಸಾಮಾಜಿಕಕ್ಕೆ ಮೊಸರು, ಪೌರಾಣಿಕಕ್ಕೆ ದೋಸೆ ಹಿಟ್ಟು. ದೇವತೆಗಳು ಹೂ ಸುರಿಸುವ ರಾತ್ರಿ ಹಿಟ್ಟು ಚೆನ್ನಾಗಿ ಉಬ್ಬುತ್ತದಂತೆ.

ಮೊಸರಿಗೆ ಒಪ್ಪಿಗೆ ಸಿಕ್ಕಷ್ಟು ಸುಲಭವಾಗಿ ನನ್ನ ಸಿನಿಮಾಗಳಿಗೆ ಸಿಗಲಿಲ್ಲ. ಕಾರಣ ನಮ್ಮ ಮಾವನವರು. ಎಂಬತ್ತೈದು ದಾಟಿದ್ದಾರೆ, ಎರಡು ಕಣ್ಣಿಗೂ ಪೊರೆ ತೆಗೆಸಿದ್ದಾರೆ, ನಮ್ಮ ಜೊತೆಯಲ್ಲೇ ಇದ್ದಾರೆ. ಚಿತ್ರದ ಗುಣಮಟ್ಟ ಅಳೆಯಲು ನೆಟ್‌ಫ್ಲಿಕ್ಸಿನವರು 2016ರಲ್ಲಿ ವಿಎಂಎಎಫ್ ಎಂಬ ಅಳತೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಮೂಲದ ಪಕ್ಕದಲ್ಲಿ ಪ್ರತಿಯನ್ನಿಟ್ಟು ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತದೆ. ನಮ್ಮ ಮಾವನವರ ಅಳತೆಯಲ್ಲಿ ಮೂರೇ ದರ್ಜೆ: ‘ಹೂಂ’, ‘ಪರವಾಗಿಲ್ಲ’ ಮತ್ತು ಮೌನ. ನನ್ನ ಮೊದಲ ‘ಬೇಡರ ಕಣ್ಣಪ್ಪ’ಕ್ಕೆ ಇದ್ಯಾವುದೂ ಸಿಗಲಿಲ್ಲ.

“ಅಳಿಯಂದ್ರೇ, ಪಂಢರಿಬಾಯಿ ಯಾವಾಗ ಇಷ್ಟು ದಪ್ಪ ಆದ್ರು?” ಎಂದರು.

ತಪ್ಪು ನಾಯಕಿ ಪಂಢರಿಬಾಯಿಯವರದಲ್ಲ. ಹಳೆಯ ಸಿನಿಮಾದ ಚೌಕಟ್ಟು ನಾಲ್ಕಕ್ಕೆ ಮೂರರ ಹತ್ತಿರದ್ದು, ಟಿವಿಯದು ಹದಿನಾರಕ್ಕೆ ಒಂಬತ್ತು. ಪರದೆ ತುಂಬಲಿ ಎಂದು ಟಿವಿ ಎಲ್ಲರನ್ನೂ ಅಡ್ಡಡ್ಡ ಎಳೆದಿತ್ತು. ಅದನ್ನು ಸರಿಪಡಿಸಿದರೆ ಎರಡೂ ಪಕ್ಕ ಕಪ್ಪು ಪಟ್ಟಿ ಬಂತು. ಈಗ ನನ್ನವಳ ಸರದಿ: “ಅಷ್ಟು ದುಡ್ಡು ಕೊಟ್ಟು ದೊಡ್ಡ ಟಿವಿ ತಂದು ಅರ್ಧ ಖಾಲಿ ಬಿಟ್ಟಿದೀರಲ್ಲ ರೀ!” ಪಂಢರಿಬಾಯಿ ಸಣ್ಣಗಾದದ್ದು ಮಾವನಿಗೆ ಸಂತೋಷವಾಯಿತು, ಅಷ್ಟು ಸಾಕು ಎಂದು ಸುಮ್ಮನಾದೆ.

ಮುಂದಿನ ತಕರಾರು ರಾಜಕುಮಾರ್ ಅವರ ಮುಖದ ಬಗ್ಗೆ. ಆ ಡಿಸ್ಕಿನಲ್ಲಿ ಗುಜುಗುಜು ಜಾಸ್ತಿಯಿತ್ತು. ಎನ್‌ಕೋಡರ್‌ಗೆ ಕಣ್ಣಪ್ಪನ ಮುಖವೂ ಒಂದೇ, ಮುಖದ ಮೇಲೆ ಕುಣಿಯುವ ಕಣಗಳೂ ಒಂದೇ. ಪ್ರತಿ ಫ್ರೇಮಿನಲ್ಲೂ ಅವು ಜಾಗ ಬದಲಿಸುವುದರಿಂದ ಜಾಗವೆಲ್ಲ ಅವುಗಳಿಗೇ ಖರ್ಚಾಗುತ್ತದೆ. ಡಿನಾಯ್ಸ್ ಎಂಬ ಜರಡಿ ಹಾಕಿದರೆ ಫೈಲು ಅರ್ಧಕ್ಕರ್ಧ ಇಳಿಯುತ್ತದೆ, ಪರದೆ ತೊಳೆದಿಟ್ಟಂತೆ ಕಾಣುತ್ತದೆ. ನನಗೆ ಅದೇ ಚೆಂದ ಕಂಡಿತ್ತು. ಮಾವ ಐದು ನಿಮಿಷ ನೋಡಿ ಹೇಳಿದರು: “ಯಾರ್ರೀ ಅದು, ರಾಜಕುಮಾರ್ ಮುಖಕ್ಕೆ ಮೈದಾ ಹಿಟ್ಟು ಬಳಿದೋರು? ಕಾಡಲ್ಲಿ ಅಲೆಯೋ ಬೇಡ ಕಣ್ರೀ ಅವನು. ಒಂದು ಬೆವರು ಬೇಡವಾ, ಒಂದು ಗೀರು ಬೇಡವಾ?”

ಸರಿ, ಜರಡಿ ತೆಗೆದೆ. ಕಣಗಳು ಬಂದವು. ಜೊತೆಯಲ್ಲಿ ಪ್ರಿಂಟಿನ ಮೇಲಿನ ಗೀರುಗಳೂ ಬಂದವು. ಟೆಂಟಿನಲ್ಲಿ ಸಿನಿಮಾ ನೋಡಿದವರಿಗೆ ಅವು ಗೊತ್ತು. ಮೇಲಿಂದ ಕೆಳಗೆ ಸುರಿಯುವ ಆ ಬಿಳಿಗೆರೆಗಳಿಗೆ ಮಳೆ ಎನ್ನುತ್ತಿದ್ದೆವು. ಊರೂರು ತಿರುಗಿ ನಮ್ಮ ಹಳ್ಳಿಗೆ ಬರುವ ಹೊತ್ತಿಗೆ ಎಂಥ ಸಿನಿಮಾಕ್ಕೂ ಮುಂಗಾರು ಹಿಡಿದಿರುತ್ತಿತ್ತು. ಇದನ್ನು ಅಳಿಸುವ ತಂತ್ರಾಂಶವೂ ಇದೆ ಎಂದು ಮಾವನಿಗೆ ಹೇಳಿದೆ.

“ಬೇಡ. ನಾನು ನೋಡಿದ ಕಣ್ಣಪ್ಪ ಮಳೇಲೇ ಇದ್ದ” ಎಂದರು. ಆಮೇಲೆ ಒಂದು ‘ಪರವಾಗಿಲ್ಲ’ ಬಂತು.

ಅಲ್ಲಿಗೆ ನನಗೊಂದು ವಿಷಯ ಹೊಳೆಯಿತು. ಎನ್‌ಕೋಡರ್ ಇಡೀ ನಿಂತಿರುವುದು ಕಣ್ಣು ಗಮನಿಸದ್ದನ್ನು ಬಿಡಬಹುದು ಎನ್ನುವ ನಂಬಿಕೆಯ ಮೇಲೆ. ಆದರೆ ಯಾರ ಕಣ್ಣು? ತಂತ್ರಾಂಶ ಬರೆದವರು ಸರಾಸರಿ ಕಣ್ಣೊಂದನ್ನು ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. ಆ ಕಣ್ಣು ಹುಣಸೂರಿನ ಕಡೆಯ ಟೆಂಟಿನಲ್ಲಿ ಮರಳಿನ ಗುಡ್ಡೆ ಮಾಡಿಕೊಂಡು ಕೂತಿಲ್ಲ, ಆಟ ಶುರುವಾಗುವ ಗುರುತಾದ ಘಂಟಸಾಲರ ವೆಂಕಟೇಶನ ಹಾಡು ಮೈಕಿನಲ್ಲಿ ಕೇಳುತ್ತಲೇ ಊಟ ಬಿಟ್ಟು ಗದ್ದೆ ಬದುವಿನ ಮೇಲೆ ಓಡಿಲ್ಲ. ಅದಕ್ಕೆ ಗುಜುಗುಜು ಅನ್ನಿಸಿದ್ದು ನಮ್ಮ ಮಾವನಿಗೆ ಸಿನಿಮಾದ ಮೈ. ಹಾಗೆ ನೋಡಿದರೆ ಮಾವನ ಮಾತೇ ವಿಜ್ಞಾನಕ್ಕೆ ಹತ್ತಿರ. ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಬೆಳ್ಳಿಯ ಕಣಗಳಿಂದ. ರಾಜಕುಮಾರ್ ಅವರ ಕೆನ್ನೆಯ ಮೇಲೆ ಕುಣಿಯುವ ಆ ಚುಕ್ಕಿಗಳು ಕೊಳೆಯಲ್ಲ. ಅವನ್ನು ತೆಗೆದರೆ ಕೆನ್ನೆಯೂ ಅಷ್ಟು ಹೋಗುತ್ತದೆ. ಆ ಬೆಳ್ಳಿಯ ಆಸೆಗೆ ಹಳೆಯ ರೀಲುಗಳನ್ನೇ ಕರಗಿಸಿ ಮಾರಿದ ಕಥೆಗಳು ಭಾರತದ ಚಿತ್ರರಂಗದಲ್ಲಿ ಬೇಕಾದಷ್ಟಿವೆ.

ಎವಿ1 ಈ ತೊಡಕಿಗೆ ಒಂದು ಚಮತ್ಕಾರದ ದಾರಿ ಹುಡುಕಿದೆ. ಮೊದಲು ಕಣಗಳನ್ನು ತೆಗೆದು, ಅವು ಎಂಥವಿದ್ದವು ಎಂಬುದನ್ನು ನಾಲ್ಕು ಅಂಕಿಗಳಲ್ಲಿ ಗುರುತು ಹಾಕಿಕೊಳ್ಳುತ್ತದೆ. ನೋಡುವ ಹೊತ್ತಿಗೆ ಟಿವಿ ಅದೇ ಜಾತಿಯ ಹೊಸ ಕಣಗಳನ್ನು ತಯಾರಿಸಿ ಮೇಲೆ ಉದುರಿಸುತ್ತದೆ. ಜಾಗವೂ ಉಳಿಯಿತು, ಕಣವೂ ಇತ್ತು. ಮಾವನಿಗೆ ಒಂದು ದೃಶ್ಯ ಹಾಗೆ ಮಾಡಿ ತೋರಿಸಿದೆ, ಹೇಗೆ ಮಾಡಿದ್ದು ಎಂದೂ ವಿವರಿಸಿದೆ. ಅವರು ಬಹಳ ಹೊತ್ತು ಯೋಚಿಸಿ, “ಅಂದ್ರೆ ಹಳೇದನ್ನ ಗುಡಿಸಿ ಆಚೆ ಹಾಕಿ, ಹೊಸಾ ಧೂಳು ತಂದು ಹಾಕಿದ ಹಾಗಾಯ್ತು” ಎಂದರು. ಮೂರು ದರ್ಜೆಯಲ್ಲಿ ಯಾವುದನ್ನೂ ಕೊಡದೆ ಎದ್ದು ಹೋದರು. ಎವಿ1 ನಮ್ಮ ಮನೆಯಲ್ಲಿ ಇನ್ನೂ ಉಮೇದುವಾರಿಯಲ್ಲಿದೆ.

ಕಣ್ಣಿನ ಕಥೆ ಇದಾದರೆ ಕಿವಿಯದು ಇನ್ನೊಂದು. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ. ನಮ್ಮ ಟಿವಿ ಪದ್ಧತಿಗೆ ಬೇಕಾದದ್ದು 25. ಅದಕ್ಕಾಗಿ ಇಡೀ ಸಿನಿಮಾವನ್ನು ಶೇಕಡ 4ರಷ್ಟು ಬೇಗ ಓಡಿಸಿ ಹೊಂದಿಸುವುದು ರೂಢಿ. 150 ನಿಮಿಷದ ಸಿನಿಮಾ 144 ನಿಮಿಷಕ್ಕೇ ಮುಗಿಯುತ್ತದೆ. ಎಲ್ಲರೂ ಕೊಂಚ ಬಿರುಸಾಗಿ ನಡೆಯುತ್ತಾರೆ, ಶ್ರುತಿ ಹಾರ್ಮೋನಿಯಂನ ಒಂದು ಮನೆಗೆ ಮುಕ್ಕಾಲು ಪಾಲಿನಷ್ಟು ಏರುತ್ತದೆ. ನಾವೆಲ್ಲ ಟಿವಿಯಲ್ಲಿ ಕೇಳಿಕೊಂಡು ಬಂದ ಪಿ.ಬಿ. ಶ್ರೀನಿವಾಸ್ ಸ್ವಲ್ಪ ಆತುರದಲ್ಲಿದ್ದ ಪಿ.ಬಿ. ಶ್ರೀನಿವಾಸ್. ನಾನು ಪಟ್ಟು ಹಿಡಿದು ಒಂದು ಚಿತ್ರವನ್ನು ಮತ್ತೆ 24ಕ್ಕೆ ಇಳಿಸಿದೆ; ದನಿ ತನ್ನ ಮನೆಗೆ ಮರಳಿ ಗಂಭೀರವಾಗಿ ಕೂತಿತು. ಒಳಗೆ ಬೀನ್ಸ್ ಬಿಡಿಸುತ್ತಿದ್ದ ನನ್ನವಳು ಆ ಹಾಡನ್ನು ಟಿವಿಯ ಶ್ರುತಿಯಲ್ಲೇ ಕಲಿತವಳು. “ಏನ್ರೀ, ಇವತ್ತು ಇವರಿಗೆ ಶೀತ ಆಗಿದೆಯಾ?” ಎಂದಳು. ಒಂದು ತಲೆಮಾರಿನ ಕಿವಿಗೆ ತಪ್ಪೇ ಸರಿಯಾಗಿ ಕೂತುಬಿಟ್ಟಿದೆ. ಅದನ್ನು ತಿದ್ದಲು ನಾನು ಯಾರು?

ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗ ಇದನ್ನೆಲ್ಲ ಫೋನಿನಲ್ಲಿ ಕೇಳಿ ನಗುತ್ತಾನೆ. “ಚಿಕ್ಕಪ್ಪ, ಎಲ್ಲಾ ಆನ್‌ಲೈನಲ್ಲೇ ಇದೆಯಲ್ಲ, ಯಾಕೆ ಕಷ್ಟಪಡ್ತೀರ?” ಇದೆ, ಇಲ್ಲವೆನ್ನುವುದಿಲ್ಲ. ಆದರೆ ಒಂದರಲ್ಲಿ ಹಾಡುಗಳಿಲ್ಲ. ಇನ್ನೊಂದರಲ್ಲಿ ಅಗಲ ಪರದೆಗೆಂದು ಮೇಲೆ ಕೆಳಗೆ ಕತ್ತರಿಸಿ, ಎತ್ತರದ ಉದಯಕುಮಾರ್ ಹಣೆಯಿಲ್ಲದೆ ಅಬ್ಬರಿಸುತ್ತಿರುತ್ತಾರೆ. ಮತ್ತೊಂದರಲ್ಲಿ ತಾಯಿ ಸಾಯುವ ದೃಶ್ಯದ ಕೆಳಗೆ ಯಾವುದೋ ಮೊಬೈಲ್ ನಂಬರ್ ಓಡುತ್ತಿರುತ್ತದೆ. ಇಂದು ಇದ್ದದ್ದು ನಾಳೆ ಇರುತ್ತದೆ ಎಂಬ ಖಾತರಿಯೂ ಇಲ್ಲ. ನಮ್ಮ ಕಾಯಿದೆಯಂತೆ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಆ ಲೆಕ್ಕದಲ್ಲಿ 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ಕ್ಕೇ ಮುಗಿದಿದೆ. ಹಕ್ಕು ಮುಗಿದ ಸಿನಿಮಾವನ್ನು ಯಾರು ಬೇಕಾದರೂ ಕಾಪಾಡಬಹುದು. ಹಾಗೆಂದರೆ ಸಾಮಾನ್ಯವಾಗಿ ಯಾರೂ ಕಾಪಾಡುವುದಿಲ್ಲ ಎಂದರ್ಥ.

ಫೈಲುಗಳೆಲ್ಲ ಸೇರಿ ಒಂದು ಭಂಡಾರವಾದ ಮೇಲೆ ಅವಕ್ಕೆ ತಾನೇ ಪೋಸ್ಟರ್ ಹುಡುಕಿ ಅಂಟಿಸುವ ತಂತ್ರಾಂಶವೊಂದನ್ನು ಹಾಕಿಕೊಂಡೆ. ಅದಕ್ಕೆ ಕನ್ನಡದ ಗಂಧ ಕಡಿಮೆ. ರಾಜಕುಮಾರ್ ಅವರ 1973ರ ‘ಗಂಧದ ಗುಡಿ’ಗೆ ಅದು ಅವರ ಮಗ ಪುನೀತ್ ಅವರ 2022ರ ‘ಗಂಧದ ಗುಡಿ’ಯ ಪೋಸ್ಟರ್ ತಂದಿಟ್ಟಿತು. ಅಪ್ಪನ ಸಿನಿಮಾದ ಮೇಲೆ ಮಗನ ಮುಖ. ಪುನೀತ್ ತೀರಿಕೊಂಡು ಒಂದು ವರ್ಷ ತುಂಬುವ ಹೊತ್ತಿಗೆ ತೆರೆಗೆ ಬಂದ ಚಿತ್ರವದು. ಹೆಸರಿನ ಮುಂದೆ ಇಸವಿ ಬರೆದರೆ ಒಂದೇ ನಿಮಿಷದಲ್ಲಿ ಸರಿಹೋಗುತ್ತದೆ. ಆದರೆ ಟಿವಿಯಲ್ಲಿ ಆ ಪೋಸ್ಟರ್ ಕಂಡ ಮಾವ, “ಇರ್ಲಿ ಬಿಡಿ. ಪ್ರಹ್ಲಾದನಾಗಿ ಅಪ್ಪನ ತೊಡೆ ಮೇಲೆ ಕೂತಿದ್ದ ಮಗು ಅದು. ಅಪ್ಪನ ಸಿನಿಮಾ ಮೇಲೆ ಕೂತ್ರೆ ಏನು ತಪ್ಪು?” ಎಂದರು. ನಮ್ಮ ಮನೆಯ ಭಂಡಾರದಲ್ಲಿ ಅದೊಂದು ಪೋಸ್ಟರ್ ಹಾಗೇ ಇದೆ.

ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ ನನ್ನನ್ನು ಹೆಚ್ಚು ಸತಾಯಿಸಿತು. 1967ರ ಕಪ್ಪುಬಿಳುಪು ಚಿತ್ರ, ಚಿಕ್ಕಮಗಳೂರು ಕಡೆಯ ಬೆಟ್ಟ, ಪರದೆ ತುಂಬ ಮೋಡ. ಮಾಮೂಲಿ 8 ಬಿಟ್ಟಿನ ಎನ್‌ಕೋಡಿಂಗಿನಲ್ಲಿ ಕಪ್ಪಿನಿಂದ ಬಿಳುಪಿಗೆ 256 ಮೆಟ್ಟಿಲು. ಮೋಡಕ್ಕೆ ಅದು ಸಾಲದು. ನುಣ್ಣಗೆ ಕರಗಬೇಕಾದ ಬಿಳುಪು ಪಟ್ಟೆಪಟ್ಟೆಯಾಗಿ ನಿಲ್ಲುತ್ತದೆ. 10 ಬಿಟ್ಟಿಗೆ ಹೋದರೆ 1024 ಮೆಟ್ಟಿಲು. ಮೂಲದಲ್ಲಿ 8 ಬಿಟ್ಟೇ ಇದ್ದರೂ ಎನ್‌ಕೋಡರ್ ಒಳಗೆ ಲೆಕ್ಕ ಮಾಡುವಾಗ ಕಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಎಕ್ಸ್265, 10 ಬಿಟ್, ಸಿಆರ್‌ಎಫ್ 16, ವೆರಿಸ್ಲೋ. ಅಂತೂ ಮೋಡ ಮೋಡದ ಹಾಗೆ ಕಂಡಿತು. ಮಾವನನ್ನು ಕರೆದು ಕೂರಿಸಿದೆ.

ಅವರು ಮೋಡದ ಕಡೆ ನೋಡಲೇ ಇಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದ್ದ ಸಿನಿಮಾವಂತೆ ಅದು. ನಾಯಕಿ ಕಲ್ಪನಾ ಬಂದಾಗೊಮ್ಮೆ, “ಇಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡಿದ್ಳು” ಎಂದರು. ಇನ್ನೊಂದು ಕಡೆ, “ಇಲ್ಲಿ ಕಡಲೇಕಾಯಿ ತರೋಕೆ ಹೋಗಿದ್ದೆ, ಈ ಸೀನು ನಾನು ನೋಡೇ ಇರಲಿಲ್ಲ” ಎಂದರು. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಮಧ್ಯದಲ್ಲಿ ನನ್ನ ಕಡೆ ತಿರುಗಿ, “ಇದಕ್ಕೆ ಇಂಟರ್‌ವಲ್ ಇಲ್ವಾ?” ಎಂದು ಕೇಳಿದರು. ಡಿಸ್ಕ್ ಬದಲಿಸುವ ಕಾಲದಲ್ಲಿ ಅದೇ ಇಂಟರ್‌ವಲ್ ಆಗಿತ್ತು. ಈಗ ಎಲ್ಲವೂ ಒಂದೇ ಫೈಲು, ನಿಲ್ಲುವುದೇ ಇಲ್ಲ. ನಿಲ್ಲಿಸಿದೆ. ನನ್ನವಳು ಹುರಿದ ಕಡಲೆಕಾಯಿ ತಂದಳು. ಆ ಸಂಜೆ ಮಾವ ಕೊಟ್ಟ ದರ್ಜೆ ಮೌನ. ವಿಎಂಎಎಫ್‌ನಲ್ಲಿ ಅದು ಎಷ್ಟು ಅಂಕಕ್ಕೆ ಸಮ ಎಂದು ನಾನು ಪರೀಕ್ಷಿಸಲು ಹೋಗಲಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂತು. ಇಂದು ಅದರ ಒಂದೇ ಒಂದು ಪ್ರಿಂಟೂ ಉಳಿದಿಲ್ಲ. ಯಾವ ಸಿಆರ್‌ಎಫ್ ಹಾಕಿದರೂ ಅದನ್ನು ತರಲಾಗದು. ಇನ್ನೊಂದು ಕಡೆ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಶನ್ ಮತ್ತು ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ 4ಕೆಯಲ್ಲಿ ಪುನರುಜ್ಜೀವನಗೊಳಿಸಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂಥ ಭಾಗ್ಯ ಎಲ್ಲ ಚಿತ್ರಗಳಿಗೂ ಬರುವುದಿಲ್ಲ. ಬರುವವರೆಗೆ ಅನೇಕ ಸಿನಿಮಾಗಳ ಗತಿ ನಮ್ಮ ನಿಮ್ಮ ಮನೆಯ ಗೀರು ಬಿದ್ದ ಡಿಸ್ಕೇ. ಆ ಡಿಸ್ಕಿಗೂ ಆಯುಷ್ಯವಿದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ, ಟಿವಿ ಸ್ಟ್ಯಾಂಡಿನ ಕೆಳಗೆ ಹಳೆಯ ಕನ್ನಡ ಡಿಸ್ಕುಗಳಿದ್ದರೆ ಈ ತಿಂಗಳೇ ಇಳಿಸಿ, ಒರೆಸಿ. ಡ್ರೈವ್ ಇರುವ ಕಂಪ್ಯೂಟರ್ ಯಾರ ಮನೆಯಲ್ಲಿದೆ ಎಂದು ವಿಚಾರಿಸಿ. ಮೊದಲು ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿಕೊಳ್ಳಿ, ಕುಗ್ಗಿಸುವುದು ಆಮೇಲೆ. ವಿಸಿಡಿಯನ್ನು ಕುಗ್ಗಿಸಲೇ ಹೋಗಬೇಡಿ. ಅದರ ಚೌಕಚೌಕದ ಒಡಕನ್ನೂ ಎನ್‌ಕೋಡರ್ ಶ್ರದ್ಧೆಯಿಂದ ನಕಲು ಮಾಡಿ ಮೂಲಕ್ಕಿಂತ ದೊಡ್ಡ ಫೈಲು ಕೊಟ್ಟರೂ ಕೊಟ್ಟೀತು. ಡಿವಿಡಿಗೆ ಎಕ್ಸ್264ರಲ್ಲಿ ಸಿಆರ್‌ಎಫ್ 18 ದಾಟಬೇಡಿ. ಡಿನಾಯ್ಸ್ ಮುಟ್ಟಬೇಡಿ. ಯಾರನ್ನೂ ಅಡ್ಡಡ್ಡ ಎಳೆಯಬೇಡಿ. ಪ್ರತಿಯನ್ನು ಎರಡು ಬೇರೆ ಹಾರ್ಡ್‌ಡಿಸ್ಕಿನಲ್ಲಿಡಿ, ಮೂಲ ಡಿಸ್ಕನ್ನು ಎಸೆಯಬೇಡಿ. ನಾಳೆ ಇದಕ್ಕಿಂತ ಒಳ್ಳೆಯ ಎನ್‌ಕೋಡರ್ ಖಂಡಿತ ಬರುತ್ತದೆ. ಆದರೆ ಅದಕ್ಕೆ ಕಾಯುತ್ತ ಕೂರಬೇಡಿ. ಮನೆಯಲ್ಲಿ ಎಂಬತ್ತು ದಾಟಿದವರು ಇದ್ದರೆ ಇವತ್ತು ಸಂಜೆಯೇ ಕೂರಿಸಿ ಒಂದು ಸಿನಿಮಾ ಹಾಕಿ, ನಡುವೆ ಇಂಟರ್‌ವಲ್ ಕೊಡಿ. ಸೆಟ್ಟಿಂಗ್ಸ್ ಆಮೇಲೆ ನೋಡಿಕೊಂಡರಾಯಿತು.